ಅಪ್‌ಡೇಟ್: ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತಿದ್ದದ್ದು ನಿಂತಿತು

ಹೋದ ವಾರ ಕೇಳಿದ್ದೆ ಅಲ್ವಾ, ತುಮಕೂರಿನ ಕ್ಯಾತ್ಸಂದ್ರದಲ್ಲಿ ತಗೊಂಡ ಹಳೇ ಫ್ಲ್ಯಾಟಿನ ಚಿಕ್ಕ ರೂಮನ್ನು ಆಫೀಸ್ ಕೆಲಸಕ್ಕೆ ರೆಡಿ ಮಾಡುತ್ತಿದ್ದೇವೆ, ಚಾರ್ಜಿಗೆ ಹಾಕಿದ ಲ್ಯಾಪ್‌ಟಾಪ್ ಮುಟ್ಟಿದರೆ ಕೈ ಜುಮ್ ಅನ್ನುತ್ತದೆ ಅಂತ. ಈಗ ಸರಿಹೋಗಿದೆ.

ಬೇರೆ ಚಾರ್ಜರ್ ಹಾಕಿ ನೋಡಿದೆ, ಅದೇ ಕಥೆ. ಸ್ಟೆಬಿಲೈಸರ್‌ಗೆ ಸುಮ್ನೆ ದುಡ್ಡು ಹೋಯಿತು. "ಮೊದಲು ಅರ್ಥಿಂಗ್ ನೋಡಿಸಿ" ಅಂದವರ ಮಾತೇ ನಿಜ, ಅವರಿಗೆ ತುಂಬಾ ಥ್ಯಾಂಕ್ಸ್. ಅರ್ಥಿಂಗ್ ಅಂದರೆ ಸೋರುವ ಕರೆಂಟನ್ನು ನೆಲಕ್ಕೆ ಇಳಿಸುವ ವೈರಿಂಗ್. ಎಲೆಕ್ಟ್ರಿಷಿಯನ್ ಮಲ್ಟಿಮೀಟರ್ ಇಟ್ಟು ನೋಡಿದರು. ಫೇಸ್‌ಗೂ (ಕರೆಂಟ್ ಬರುವ ವೈರ್) ನ್ಯೂಟ್ರಲ್‌ಗೂ (ಅದು ವಾಪಸ್ ಹೋಗುವ ವೈರ್) ಮಧ್ಯೆ 230 ವೋಲ್ಟ್ ಹತ್ತಿರ ತೋರಿಸಿತು, ಫೇಸ್‌ಗೂ ಅರ್ಥ್‌ಗೂ ಹೆಚ್ಚುಕಮ್ಮಿ ಅಷ್ಟೇ ಬರಬೇಕಿತ್ತು, ಬರಲಿಲ್ಲ. ಸಾಕೆಟ್ ಬಿಚ್ಚಿದರೆ ತೂತು ಮೂರು, ವೈರ್ ಎರಡೇ. ಅರ್ಥ್‌ನ ಹಸಿರು ವೈರನ್ನು ಎಳೆದೇ ಇರಲಿಲ್ಲ! ಪುಣ್ಯಕ್ಕೆ ಮೇನ್ ಬೋರ್ಡ್‌ವರೆಗೆ ಅರ್ಥ್ ಇತ್ತು, ಅಲ್ಲಿಂದ ಹಳೇ ಪೈಪಿನಲ್ಲೇ ಹೊಸ ವೈರ್ ಎಳೆದರು, ಗೋಡೆ ಒಡೆಯಲಿಲ್ಲ. ಜೊತೆಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಕ್ಷಣ ಲೈನ್ ಆಫ್ ಮಾಡುವ ಸ್ವಿಚ್) ಕೂಡ ಹಾಕಿಸಿದೆ, ಮನೆಯಲ್ಲಿ ಮಕ್ಕಳಿದ್ದಾರೆ.

ನನಗೆ ಗೊತ್ತೇ ಇಲ್ಲದ ವಿಷಯ ಒಂದಿತ್ತು. ಎರಡು ಪಿನ್ನಿನ ಚಾರ್ಜರ್‌ಗೆ ಅರ್ಥಿಂಗ್ ತಾಗುವುದೇ ಇಲ್ಲ, ಅದರಲ್ಲಿ ಸ್ವಲ್ಪ ಜುಮ್ ಉಳಿಯಬಹುದು. ನನ್ನದು ಮೂರು ಪಿನ್, ಪೂರ್ತಿ ನಿಂತಿತು. ಪೇಂಟಿಂಗ್‌ಗೆ ಮೊದಲೇ ಇದನ್ನು ನೋಡಿಸಿಕೊಳ್ಳಿ. ನಮ್ಮ ಪೇಂಟರ್ ನಾಳೆಯಿಂದ ಬರುತ್ತಾರೆ.