ಪೈಪು ಹಿಗ್ಗಿ ಕುಗ್ಗುವ ಜೋಡಣೆಗೆ ಏನನ್ನಬಹುದು?

ಎಲ್ಲರಿಗೂ ನಮಸ್ಕಾರ. ರಾಯಚೂರಿನಲ್ಲಿ ವೈರಿಂಗ್ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ‘ಎಕ್ಸ್‌ಪ್ಯಾನ್ಶನ್ ಕಪ್ಲಿಂಗ್’ ಅಂತಾರಲ್ಲ, ಎರಡು ಪೈಪುಗಳ ನಡುವೆ ಹಾಕುವ, ಒಂದರೊಳಗೊಂದು ಸರಿಯುವ ಜೋಡಣೆ, ಅದಕ್ಕೊಂದು ಕನ್ನಡ ಹೆಸರು ಬೇಕಾಗಿದೆ.

ಮಾಳಿಗೆ ಮೇಲೆ ಬಿಸಿಲಿಗೆ ಬಿದ್ದ, ವೈರು ಹಾಯಿಸುವ ಪಿವಿಸಿ (ಪ್ಲಾಸ್ಟಿಕ್) ಪೈಪು ಉದ್ದವಾಗುತ್ತದೆ, ತಣ್ಣಗಾದಾಗ ಗಿಡ್ಡವಾಗುತ್ತದೆ. ಮೀಟರಿಗೆ, ಒಂದು ಡಿಗ್ರಿಗೆ, ಸುಮಾರು 0.06 ಮಿ.ಮೀ. ಅಷ್ಟೇನಾ ಅನಿಸಬಹುದು. ಆದರೆ ನಮ್ಮ ಬಿಸಿಲು ಗೊತ್ತಲ್ಲ! ಚಳಿಗಾಲದ ಬೆಳಗ್ಗೆ 15 ಡಿಗ್ರಿ ಇದ್ದ ಪೈಪು ಬೇಸಿಗೆಯಲ್ಲಿ 60ಕ್ಕೆ ಕಾದರೆ, 10 ಮೀಟರ್ ಸಾಲು 27 ಮಿ.ಮೀ. ಬೆಳೆಯುತ್ತದೆ. ಕಬ್ಬಿಣದ ಪೈಪಾದರೆ ಇದರ ಐದನೇ ಒಂದು ಪಾಲು ಮಾತ್ರ. ಎರಡೂ ತುದಿ ಬಿಗಿಯಾಗಿದ್ದರೆ ಪಿವಿಸಿ ಬಿಲ್ಲಿನಂತೆ ಬಾಗುತ್ತದೆ, ಪೈಪನ್ನು ಗೋಡೆಗೆ ಹಿಡಿದಿಡುವ ಪಟ್ಟಿ (ಸ್ಯಾಡಲ್) ಕಿತ್ತು ಬರುತ್ತದೆ, ಇಲ್ಲವೇ ಬಾಕ್ಸಿನ ಹತ್ತಿರ ಜಾಯಿಂಟ್ ಬಿಡುತ್ತದೆ. ಆಮೇಲೆ ಮಳೆನೀರು ಒಳಗೆ.

‘ಸಡಿಲ ಬಿಡು’ ಎಂದು ಬರೆದರೆ ಸಾಲದು. ಸ್ಯಾಡಲ್ ಸ್ವಲ್ಪ ಸಡಿಲ ಇರಬೇಕು ನಿಜ, ಪೈಪು ಜಾರಲಿ ಅಂತ. ಕಪ್ಲಿಂಗಿನ ಹೊರ ಕೊಳವೆ ಮಾತ್ರ ಗೋಡೆಗೆ ಗಟ್ಟಿಯಾಗಿ ಕೂರಬೇಕು. ಅದರೊಳಗೆ ಸಣ್ಣ ಕೊಳವೆ ಹಿಂದೆ ಮುಂದೆ ಸರಿಯುತ್ತದೆ. ಆ ಸರಿಯುವ ಜಾಗಕ್ಕೆ ಯಾರೂ ಸಲ್ಯೂಷನ್ (ಪೈಪಿನ ಅಂಟು) ಹಚ್ಚಬಾರದು. ಸುಮ್ನೆ ‘ಸಡಿಲ’ ಅಂದರೆ ಹುಡುಗ ಎಲ್ಲವನ್ನೂ ಸಡಿಲ ಬಿಡುತ್ತಾನೆ, ಅಲ್ವಾ?

‘ಹಿಗ್ಗುಜೋಡಣೆ’ ಚೆನ್ನಾಗಿದೆ, ಆದರೆ ಅರ್ಧ ಮಾತು. ಉರಿಬಿಸಿಲಲ್ಲಿ ಕೂರಿಸುವಾಗ ಪೈಪು ಆಗಲೇ ಹಿಗ್ಗಿರುತ್ತದೆ. ಆಗ ಒಳ ಕೊಳವೆಯನ್ನು ಹೆಚ್ಚುಕಡಿಮೆ ಪೂರ್ತಿ ಒಳಗೆ ತಳ್ಳಿಡಬೇಕು, ಮುಂದೆ ಕುಗ್ಗುವಾಗ ಹೊರಬರಲು ಜಾಗ ಬೇಕು. ಚಳಿಯಲ್ಲಿ ಕೂರಿಸಿದರೆ ಉಲ್ಟಾ, ಹೊರಗೆ ಎಳೆದಿಡಬೇಕು. ಹೆಸರು ಎರಡೂ ಕಡೆಯ ಓಡಾಟವನ್ನು ಹೇಳಬೇಕು. ಶಾಲೆಯ ಪುಸ್ತಕದ ‘ವ್ಯಾಕೋಚನ’ ಏಣಿ ಮೇಲೆ ನಿಂತವನ ಬಾಯಿಗೆ ಬರುವುದಿಲ್ಲ. ‘ಕೀಲು’ ಅಂದರೆ ತಿರುಗುತ್ತದೆ ಅನಿಸುತ್ತದೆ.

ನನ್ನ ಒಲವು ‘ಜಾರುಸಂದು’ ಕಡೆಗೆ. ಸಂದು ಅಂದರೆ ಕೂಡುವ ಜಾಗವೂ ಹೌದು, ನಡುವಿನ ಬಿರುಕೂ ಹೌದು. ಇಲ್ಲಿ ಎರಡೂ ಬೇಕು. ಆದರೆ ‘ಜಾರು’ ಕೇಳಿದರೆ ಕಳಚಿ ಬೀಳುತ್ತದೆ ಅನಿಸುತ್ತದಾ? ಸಿಂಧನೂರು, ಮಾನ್ವಿ, ದೇವದುರ್ಗದ ಕಡೆ ಬಡಗಿಗಳೋ ಕಮ್ಮಾರರೋ ಒಂದರೊಳಗೊಂದು ಸರಿಯುವ ಜೋಡಣೆಗೆ ಬೇರೆ ಮಾತು ಬಳಸುತ್ತಿದ್ದರೆ, ಅವರು ಹೇಳುವ ಹಾಗೆಯೇ ಬರೆದು ತಿಳಿಸಿ.