ಎರಡು ದಿನದ ವೆಲ್ಡಿಂಗ್ ಕ್ಲಾಸಿಗೆ ಹೆಸರು ಕೊಟ್ಟಿದ್ದೇನೆ, ಕಲಿತವರು ಸ್ವಲ್ಪ ಹೇಳಿ

ಕೇಳಿದವರು, ಬೆಂಗಳೂರಿನಿಂದ:

ನನಗೆ 43 ವರ್ಷ, ಬ್ಯಾಂಕಿನಲ್ಲಿ ಕೆಲಸ. ತಾರಸಿ ಮೇಲೆ ಹೂವಿನ ಕುಂಡ ಇಡೋಕೆ ಮೂರು ಮೆಟ್ಟಿಲಿನ ಸ್ಟ್ಯಾಂಡ್ ಬೇಕಿತ್ತು. ಅಂಗಡಿಯವರ ರೇಟ್ ಕೇಳಿದ ಮೇಲೆ, ನಾನೇ ಯಾಕೆ ಮಾಡಬಾರದು ಅನ್ನಿಸಿತು. ಮನೆ ಹತ್ತಿರ ಒಂದು ವರ್ಕ್‌ಶಾಪ್ ಇದೆ. ಫೀಸು ಕಟ್ಟಿದರೆ ಯಾರು ಬೇಕಾದರೂ ಅಲ್ಲಿನ ಮಷೀನು ಬಳಸಬಹುದು. ಶನಿವಾರ, ಭಾನುವಾರ ಆರ್ಕ್ ವೆಲ್ಡಿಂಗ್ ಕಲಿಸುತ್ತಾರೆ. ದುಡ್ಡು ಕಟ್ಟಿ ಆಯ್ತು, ಈಗ ಪುಕಪುಕ. ಏನು ಹಾಕಿಕೊಂಡು ಹೋಗಲಿ? ಕಣ್ಣಿಗೆ ತೊಂದರೆ ಆಗುತ್ತದಾ? ಎರಡೇ ದಿನದಲ್ಲಿ ಸ್ಟ್ಯಾಂಡ್ ಮಾಡುವಷ್ಟು ಬರುತ್ತದಾ?

ಮೈಸೂರಿನ ಒಬ್ಬ ಮೇಷ್ಟ್ರು:

ಎರಡು ವರ್ಷದ ಹಿಂದೆ ಇಂಥದ್ದೇ ಕ್ಲಾಸಿಗೆ ಹೋಗಿದ್ದೆ ಮೇಡಂ. ಮೊದಲ ಒಂದು ಗಂಟೆ ನಾನು ಮಾಡಿದ್ದು ಒಂದೇ ಕೆಲಸ, ರಾಡ್, ಅಂದರೆ ಕರೆಂಟಿನ ಶಾಖಕ್ಕೆ ಕರಗಿ ಬೆಸುಗೆಯಾಗುವ ಕಡ್ಡಿ, ಅದನ್ನು ಅಂಟಿಸೋದು, ಕೀಳೋದು. ಪ್ಲೇಟಿಗೆ ತಾಗಿಸಿದ ಕೂಡಲೇ ಕಚ್ಚಿಕೊಂಡು ಬಿಡುತ್ತದೆ. ರಾಡ್ ಕಚ್ಚಿ ಹಿಡಿದಿರುವ ಹೋಲ್ಡರನ್ನು ಆಚೆ ಈಚೆ ತಿರುಚಿದರೆ ಸಾಮಾನ್ಯವಾಗಿ ಬಿಡುತ್ತದೆ. ಬಿಡದಿದ್ದರೆ ಹೋಲ್ಡರಿನ ಹಿಡಿ ಅದುಮಿ ರಾಡನ್ನೇ ಅಲ್ಲಿ ಬಿಟ್ಟುಬಿಡಿ. ಬೆಂಕಿಕಡ್ಡಿ ಗೀರಿದ ಹಾಗೆ ಗೀರಿ, ಒಂದು ಚೂರು ಮೇಲೆತ್ತಬೇಕು. ಚೂರು ಅಂದರೆ ರಾಡಿನ ದಪ್ಪದಷ್ಟು, ಎರಡೂವರೆ ಮಿಲಿಮೀಟರ್.

ಅಷ್ಟೇ ಎತ್ತಿದ್ದೀವಾ ಅಂತ ಕಣ್ಣಿಗೆ ಗೊತ್ತಾಗಲ್ಲ. ನನಗೆ ಗೊತ್ತಾಗಿದ್ದು ಕಿವಿಯಿಂದ. ಒಗ್ಗರಣೆಯಲ್ಲಿ ಸಾಸಿವೆ ಸಿಡಿದ ಹಾಗೆ ಕೇಳಿದರೆ ಜಾಸ್ತಿ ಎತ್ತಿದ್ದೀರಿ. ಬಾಣಲೆಯಲ್ಲಿ ಬೋಂಡ ಕರಿಯುವ ಹಾಗೆ ಒಂದೇ ಸಮ ಕೇಳಿದರೆ ಸರಿ ಇದೆ.

ಇನ್ನೊಂದು, ಬೆಳಕನ್ನು ನೋಡಬೇಡಿ. ಮೊದಲ ದಿನ ಎಲ್ಲರೂ ಅದನ್ನೇ ನೋಡುತ್ತಾರೆ. ಬೆಳಕಿನ ಹಿಂದೆಯೇ ಬಟಾಣಿ ಕಾಳಿನಷ್ಟು ಕಬ್ಬಿಣ ನೀರಾಗಿ ನಡುಗುತ್ತಿರುತ್ತದೆ. ಕೈ ನಡೆಸಬೇಕಾದ್ದು ಅದನ್ನು ನೋಡಿಕೊಂಡು. ನನಗೆ ಅದು ಕಂಡಿದ್ದು ಎರಡನೇ ದಿನ ಊಟ ಆದ ಮೇಲೆ. ಅಲ್ಲಿವರೆಗೂ ನಾನು ಹಾಕಿದ್ದೆಲ್ಲ ಮೊದಲ ಸಲ ಚಕ್ಕುಲಿ ಒತ್ತಿದ ಹಾಗೆ, ತುಂಡು ತುಂಡು.

ಆಮೇಲೆ ಮೇಲಿನ ಕಪ್ಪು ಚಿಪ್ಪನ್ನು, ಅಂದರೆ ಸ್ಲ್ಯಾಗನ್ನು, ಸುತ್ತಿಗೆಯಲ್ಲಿ ಕುಟ್ಟಿ ತೆಗೆಯಬೇಕು. ಸಾಲು ಚೆನ್ನಾಗಿ ಬಿದ್ದಿದ್ದರೆ ಅದು ತಾನಾಗೇ ಉದ್ದಕ್ಕೆ ಎದ್ದು ಬರುತ್ತದೆ. ಆ ಖುಷಿಗೇ ದುಡ್ಡು ವಸೂಲಾಯಿತು ಅಂದುಕೊಂಡೆ. ಕುಟ್ಟುವಾಗಲೂ ರಕ್ಷಣೆಯ ಕನ್ನಡಕ ತೆಗೆಯಬೇಡಿ, ಕಾದ ಚೂರು ನೇರ ಮುಖಕ್ಕೇ ಹಾರುತ್ತದೆ.

ಹುಬ್ಬಳ್ಳಿಯಿಂದ, ಫ್ಯಾಬ್ರಿಕೇಶನ್ ಅಂಗಡಿ ಇಟ್ಟವರು:

ಅಕ್ಕಾ, ಕಣ್ಣಿನ ವಿಷಯ ನಾನು ಹೇಳುತ್ತೇನೆ. ನಮ್ಮ ಹುಡುಗರ ಕಣ್ಣಿಗೆ ಬೆಳಕು ಹೊಡೆದದ್ದು ತಾವು ವೆಲ್ಡಿಂಗ್ ಮಾಡುವಾಗ ಅಲ್ಲ, ಪಕ್ಕದವನು ಮಾಡುವಾಗ. ಕ್ಲಾಸಿನಲ್ಲಿ ನಾಲ್ಕೈದು ಜನ ಒಟ್ಟಿಗೆ ಇರುತ್ತೀರಿ, ಮುಖ ಮುಚ್ಚುವ ಕಪ್ಪು ಗಾಜಿನ ಹೆಲ್ಮೆಟ್ ಎತ್ತಿ ಚಹಾ ಕುಡಿಯುತ್ತಾ ಸುಮ್ನೆ ಆ ಕಡೆ ನೋಡುತ್ತೀರಿ. ಆಗ ಏನೂ ಆಗುವುದಿಲ್ಲ. ಆರೇಳು ತಾಸು ಬಿಟ್ಟು, ರಾತ್ರಿ ಮಲಗಿದಾಗ ಕಣ್ಣಲ್ಲಿ ಮರಳು ಸುರಿದ ಹಾಗೆ ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಆಲೂಗಡ್ಡೆ ಇಡು, ಹಾಲು ಬಿಡು ಅನ್ನುವವರ ಮಾತು ಕೇಳಬೇಡಿ, ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಹೆಲ್ಮೆಟ್ ಗಾಜು 10 ಅಥವಾ 11 ನಂಬರ್ ಇರಲಿ. ಬಿಸಿಲಿನ ಕಪ್ಪು ಕನ್ನಡಕ ಇದಕ್ಕೆ ಏನೇನೂ ಸಾಲದು.

ಬಟ್ಟೆ ಪೂರ್ತಿ ಹತ್ತಿಯದು. ಪಾಲಿಸ್ಟರ್ ಆದರೆ ಕಿಡಿ ಬಿದ್ದಾಗ ಕರಗಿ ಚರ್ಮಕ್ಕೆ ಅಂಟುತ್ತದೆ. ದುಪಟ್ಟಾ ಬೇಡ. ಕಾಲರ್ ಗುಂಡಿ ಮೇಲಿನವರೆಗೂ ಹಾಕಿ, ಇಲ್ಲದಿದ್ದರೆ ಕುತ್ತಿಗೆ ಬಿಸಿಲಿಗೆ ಸುಟ್ಟ ಹಾಗೆ ಕೆಂಪಗಾಗುತ್ತದೆ. ಪ್ಯಾಂಟ್ ಶೂ ಮೇಲೆ ಬೀಳಬೇಕು, ಒಳಗೆ ಸಿಕ್ಕಿಸಿದರೆ ಕಿಡಿಗೆ ನೀವೇ ದಾರಿ ಮಾಡಿಕೊಟ್ಟ ಹಾಗೆ. ಬಳೆ, ಉಂಗುರ ಮನೆಯಲ್ಲೇ ಬಿಟ್ಟು ಹೋಗಿ.

ಸ್ಟ್ಯಾಂಡಿನ ಬಗ್ಗೆ ಒಂದು ಮಾತು. ಕ್ಲಾಸಿನಲ್ಲಿ ಕೊಡುವುದು 5, 6 ಮಿ.ಮೀ. ಪ್ಲೇಟ್. ಅದು ಎಷ್ಟು ತಪ್ಪಾದರೂ ತಡೆದುಕೊಳ್ಳುತ್ತದೆ. ಅದೇ ಕೈಯಲ್ಲಿ, ಅದೇ ಆಂಪಿಯರ್‌ನಲ್ಲಿ 16 ಗೇಜಿನ ತೆಳು ಸ್ಕ್ವೇರ್ ಪೈಪಿಗೆ ಹೋದರೆ ತೂತು ಬೀಳುತ್ತದೆ. ಆ ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡದಾಗುತ್ತದೆ. ಮೊದಲ ಸ್ಟ್ಯಾಂಡಿಗೆ ಪೈಪ್ ಬಿಡಿ, 25 ಮಿ.ಮೀ. ಆಂಗಲ್, ಅಂದರೆ L ಆಕಾರದ ಕಬ್ಬಿಣದ ಪಟ್ಟಿ, 3 ಮಿ.ಮೀ. ದಪ್ಪದ್ದು ತಗೊಳ್ಳಿ. ಎರಡೂವರೆ ಮಿ.ಮೀ. ರಾಡು, 70, 80 ಆಂಪಿಯರ್ ಸಾಕು. ಎಲ್ಲಾ ಮೂಲೆಗೂ ಮೊದಲು ಟ್ಯಾಕ್, ಅಂದರೆ ಚುಕ್ಕೆಯಷ್ಟು ಬೆಸುಗೆ, ಹಾಕಿ, ಮೂಲಮಟ್ಟ ಹಿಡಿದು ನೋಡಿ, ಆಮೇಲೆ ಪೂರ್ತಿ ಮಾಡಿ. ಒಂದೊಂದೇ ಮೂಲೆ ಪೂರ್ತಿ ಮುಗಿಸುತ್ತಾ ಹೋದರೆ ಕಾದ ಕಬ್ಬಿಣ ಆರುವಾಗ ಎಳೆದು, ಸ್ಟ್ಯಾಂಡ್ ಮೂರೇ ಕಾಲ ಮೇಲೆ ನಿಲ್ಲುತ್ತದೆ. ನನ್ನ ಮೊದಲ ಸ್ಟೂಲು ಹಾಗೇ ಇತ್ತು, ಗುಜರಿಗೆ ಹೋಯಿತು.

ಮನೆಯಲ್ಲಿ ಹಳೆಯ ಜಿ.ಐ. ಪೈಪ್ ಬಿದ್ದಿದೆ ಅಂತ ಅದನ್ನು ತಗೊಂಡು ಹೋಗಬೇಡಿ. ಮೇಲಿನ ಸತುವು ಉರಿದು ಬಿಳಿ ಹೊಗೆ ಬರುತ್ತದೆ. ಅದನ್ನು ಕುಡಿದರೆ ಸಂಜೆಗೆ ಚಳಿ, ಜ್ವರ ಬರಬಹುದು.

ಚಿತ್ರದುರ್ಗದಿಂದ:

ಇದನ್ನೇ ಕಸುಬು ಮಾಡಿಕೊಳ್ಳಬೇಕು ಅನ್ನುವ ಹುಡುಗರು ಯಾರಾದರೂ ಓದುತ್ತಿದ್ದರೆ, ಎರಡು ದಿನದ ಕ್ಲಾಸಿಗೆ ದುಡ್ಡು ಹಾಕಬೇಡಿ. ಐ.ಟಿ.ಐ.ನಲ್ಲಿ ವೆಲ್ಡರ್ ಟ್ರೇಡ್ ಒಂದು ವರ್ಷದ್ದು. ಅಷ್ಟು ಸಮಯ ಇಲ್ಲದಿದ್ದರೆ ನಿಮ್ಮ ಜಿಲ್ಲೆಯ ಆರ್‌ಸೆಟಿಯಲ್ಲಿ, ಅಂದರೆ ಗ್ರಾಮೀಣ ಸ್ವ-ಉದ್ಯೋಗ ತರಬೇತಿ ಸಂಸ್ಥೆಯಲ್ಲಿ, ವಿಚಾರಿಸಿ. ಉಜಿರೆಯಲ್ಲಿ 1982ರಲ್ಲಿ ಶುರುವಾದ ರುಡ್‌ಸೆಟ್ ಸಂಸ್ಥೆಯ ಮಾದರಿಯಲ್ಲಿ ಬ್ಯಾಂಕುಗಳು ನಡೆಸುವ ಕೇಂದ್ರ ಅದು. ಹಳ್ಳಿ ಹುಡುಗರಿಗೆ ಊಟ, ವಸತಿ, ತರಬೇತಿ ಎಲ್ಲ ಫ್ರೀ.

ಅಮೆರಿಕದ ಮಿಷಿಗನ್‌ನಿಂದ:

ನಾನು ಇಲ್ಲಿ ಸಂಜೆ ಕ್ಲಾಸಿನಲ್ಲಿ ಕಲಿತಿದ್ದು ಮಿಗ್ ಅನ್ನುವ ಬೇರೆ ಬಗೆಯ ವೆಲ್ಡಿಂಗ್. ಗನ್ ಒತ್ತಿದರೆ ತಂತಿ ತಾನಾಗೇ ಬರುತ್ತದೆ, ರಾಡಿಗಿಂತ ಎಷ್ಟೋ ಸುಲಭ. ಆ ಧೈರ್ಯದಲ್ಲಿ ಊರಿಗೆ ಬಂದಾಗ ಅಪ್ಪನ ಗೇಟು ರಿಪೇರಿಗೆ ಹೊರಟೆ. ಬಾಡಿಗೆಗೆ ತಂದಿದ್ದು ರಾಡ್ ಹಾಕುವ ಆರ್ಕ್ ಮಷೀನು. ಐದು ನಿಮಿಷದಲ್ಲಿ ಆರು ಸಲ ರಾಡ್ ಅಂಟಿತು. ಪಕ್ಕದ ಗ್ಯಾರೇಜಿನ ಹುಡುಗ ನೋಡಿ ನೋಡಿ, "ಅಣ್ಣಾ, ಬಿಡಿ ಇತ್ತ" ಅಂದ. ರಾಡಿನಲ್ಲೇ ಕಲಿಯುತ್ತಿದ್ದೀರಲ್ಲ, ಒಳ್ಳೆಯದೇ ಆಯ್ತು.

ಕೇಳಿದವರು, ಹತ್ತು ದಿನ ಬಿಟ್ಟು:

ಹೋಗಿ ಬಂದೆ. ಎಲ್ಲರಿಗೂ ಥ್ಯಾಂಕ್ಸ್. ಬೋಂಡ ಸದ್ದು ಭಾನುವಾರ ಮಧ್ಯಾಹ್ನ ಮೂರರ ಹೊತ್ತಿಗೆ ಒಂದೇ ಒಂದು ಸಲ, ಎರಡು ಇಂಚು ಉದ್ದಕ್ಕೆ ಕೇಳಿಸಿತು. ಸ್ಟ್ಯಾಂಡ್ ಆಗಲಿಲ್ಲ. ಆಂಗಲ್ ತಂದಿಟ್ಟಿದ್ದೇನೆ, ಮುಂದಿನ ತಿಂಗಳು ಅಲ್ಲೇ ಅರ್ಧ ದಿನ ಮಷೀನು ಬುಕ್ ಮಾಡಿದ್ದೇನೆ. ಹುಬ್ಬಳ್ಳಿ ಅಣ್ಣ ಬೇಡ ಅಂದರೂ ಪೈಪಿನ ಮೇಲೆ ಒಂದು ಕೈ ನೋಡಿದೆ. ಎರಡು ತೂತು ಬಿತ್ತು. ಆ ತುಂಡನ್ನು ಮನೆಗೆ ತಂದಿದ್ದೆ. ನಮ್ಮ ಅತ್ತೆ ಅದನ್ನು ತೊಳೆದು, ತೂತಿಗೆ ಊದುಬತ್ತಿ ಸಿಕ್ಕಿಸಿ ತುಳಸಿ ಕಟ್ಟೆ ಮೇಲೆ ಇಟ್ಟಿದ್ದಾರೆ.