ಎಲೆಕೋಸಿನ ಸಸಿ ರಾತ್ರೋರಾತ್ರಿ ಖಾಲಿ: ಚಿಪ್ಪಿಲ್ಲದ ಬಸವನಹುಳುವಿಗೆ ಏನು ಮಾಡಬೇಕು?

ಪ್ರಶ್ನೆ (ಹೊಸಮಡಿ):
4 ಅಡಿ ಅಗಲ, 10 ಅಡಿ ಉದ್ದದ ಎರಡು ಮಡಿ. ಎಲೆಕೋಸು, ಬೀನ್ಸ್ ಹಾಕಿದೆ. ಸಸಿ ನೆಟ್ಟು ಐದು ದಿನ, ಆಗಲೇ ಅರ್ಧಕ್ಕೆ ಸುಳಿ ಇಲ್ಲ, ಉಳಿದ ಎಲೆಗಳಲ್ಲಿ ತೂತು. ಹಗಲು ಒಂದು ಹುಳುವೂ ಕಾಣುವುದಿಲ್ಲ. 3 ಇಂಚು ಒಣಹುಲ್ಲಿನ ಹೊದಿಕೆ ಇದೆ, ನೀರು ಸಂಜೆ ಹಾಕುತ್ತೇನೆ. ಉಪ್ಪು ಚೆಲ್ಲಬಹುದೇ? ಮನೆಯಲ್ಲಿ ನಾಯಿ ಇದೆ.

ಹಸಿರುಬೇಲಿ:
ಉಪ್ಪು ಬೇಡವೇ ಬೇಡ. ಹುಳು ಸಾಯುತ್ತದೆ, ಜೊತೆಗೆ ಮಣ್ಣೂ ಕೆಡುತ್ತದೆ. ಉಪ್ಪಿನಂಶ ಬೇರಿನ ಹತ್ತಿರ ಉಳಿದರೆ ಸಸಿಗೆ ನೀರು ಎಳೆದುಕೊಳ್ಳಲು ಆಗುವುದಿಲ್ಲ.

ಮೊದಲು ಕಳ್ಳ ಯಾರೆಂದು ಖಚಿತ ಮಾಡಿಕೊಳ್ಳಿ. ಎಲೆ ಮೇಲೆ, ಮಣ್ಣಿನ ಮೇಲೆ ಒಣಗಿದ ಲೋಳೆಯ ಬೆಳ್ಳಿಗೆರೆ ಕಂಡರೆ ಬಸವನಹುಳು. ಗೆರೆ ಇಲ್ಲದೆ ಕಪ್ಪು-ಹಸಿರು ಹಿಕ್ಕೆ ಬಿದ್ದಿದ್ದರೆ ಕಂಬಳಿಹುಳುವಿನ ಜಾತಿ. ಕಾಂಡ ಬುಡದಲ್ಲೇ ಕತ್ತರಿಸಿ ಬಿದ್ದಿದ್ದರೆ ಪಕ್ಕದ ಮಣ್ಣನ್ನು ಒಂದಿಂಚು ಕೆದಕಿ, ಸುರುಳಿ ಸುತ್ತಿದ ಕಾಂಡ ಕತ್ತರಿಸುವ ಹುಳು ಸಿಗಬಹುದು. ಅನುಮಾನವಿದ್ದರೆ ಕತ್ತಲಾದ ಎರಡು ಗಂಟೆಯ ಮೇಲೆ ಟಾರ್ಚ್ ಹಿಡಿದು ನೋಡಿ.

ಬಸವನಹುಳುವೇ ಆದರೆ ಇಂದಿನಿಂದಲೇ ನೀರು ಬೆಳಗ್ಗೆ ಹಾಕಿ. ಅದು ಹರಿದಾಡಲು ಮಣ್ಣಿನ ಮೇಲ್ಭಾಗ ಒದ್ದೆ ಇರಬೇಕು. ಸಂಜೆ ನೀರು ಹಾಕಿದರೆ ದಾರಿ ನಾವೇ ಮಾಡಿಕೊಟ್ಟಂತೆ. ಹುಲ್ಲನ್ನು ಪ್ರತಿ ಸಸಿಯ ಸುತ್ತ ಒಂದು ಗೇಣು ಹಿಂದಕ್ಕೆ ಸರಿಸಿ. ಹಗಲು ನಿಮಗೆ ಹುಳು ಕಾಣದಿರುವುದು ಅವು ಅದರ ಅಡಿಯಲ್ಲೇ ಮಲಗಿರುವುದರಿಂದ.

ಮಣ್ಣಿನಮಗ:
ಮೊಟ್ಟೆಚಿಪ್ಪಿನ ಪುಡಿ, ಬೂದಿ ಸುತ್ತ ಹಾಕಿ ನೋಡಿ. ಹಲವರು ಹೇಳುತ್ತಾರೆ.

ಬೇರುಬುಡ:
@ಮಣ್ಣಿನಮಗ, ಬೂದಿ ಒಣಗಿರುವಷ್ಟು ಹೊತ್ತು ಸ್ವಲ್ಪ ತಡೆಯುತ್ತದೆ. ಇಬ್ಬನಿ ಬಿದ್ದರೆ ಮುಗಿಯಿತು, ಮತ್ತೆ ಮತ್ತೆ ಹಾಕಿದರೆ ಮಣ್ಣಿನ ಕ್ಷಾರ ಏರುತ್ತದೆ. ಮೊಟ್ಟೆಚಿಪ್ಪಿನ ವಿಷಯದಲ್ಲಿ ಬ್ರಿಟನ್ನಿನ ರಾಯಲ್ ಹಾರ್ಟಿಕಲ್ಚರಲ್ ಸೊಸೈಟಿ 2018ರಲ್ಲಿ ಲೆಟ್ಯೂಸ್ ಬೆಳೆಯಲ್ಲಿ ಪರೀಕ್ಷೆ ಮಾಡಿತ್ತು. ಚಿಪ್ಪು, ತಾಮ್ರದ ಪಟ್ಟಿ, ಜಲ್ಲಿಪುಡಿ, ಯಾವುದರಿಂದಲೂ ಹಾನಿ ಕಡಿಮೆಯಾಗಲಿಲ್ಲ.

ಹಿಡಿದು ತೆಗೆಯುವುದೇ ಬೇಗ ಫಲ ಕೊಡುವ ದಾರಿ. ಮಡಿಗೆ ಎರಡರಂತೆ ಒದ್ದೆ ಗೋಣಿತಾಟು ಅಥವಾ ಹಲಗೆ ಇಡಿ. ಹಲಗೆಯಾದರೆ ಅಡಿಗೆ ಸಣ್ಣ ಕಲ್ಲು ಕೊಟ್ಟು ಒಂದಿಂಚು ಎತ್ತರಿಸಿ, ಒಳಗೆ ಕೋಸಿನ ಬೀಳು ಎಲೆ ಹಾಕಿ. ಬಿಸಿಲೇರುವ ಮೊದಲೇ ಎತ್ತಿ, ಅಂಟಿರುವ ಹುಳುಗಳನ್ನು ಸೋಪುನೀರಿನ ಬಕೆಟ್ಟಿಗೆ ಕೆರೆದು ಹಾಕಿ. ಒಂದು ದಿನ ತಪ್ಪಿಸಿದರೂ ಅದು ಬಲೆಯಾಗಿ ಉಳಿಯುವುದಿಲ್ಲ, ಹುಳುಗಳಿಗೆ ಒಳ್ಳೆಯ ಮನೆಯಾಗುತ್ತದೆ. ಮುತ್ತಿನಂಥ ಪಾರದರ್ಶಕ ಮೊಟ್ಟೆಗಳ ಗೊಂಚಲು ಮಣ್ಣಿನ ಸಂದಿಯಲ್ಲಿ ಸಿಕ್ಕರೆ ಅದನ್ನೂ ತೆಗೆಯಿರಿ.

ಬರಿಗೈಯಲ್ಲಿ ಮುಟ್ಟಬೇಡಿ. ಇಲಿಗಳಿಂದ ಬರುವ ಒಂದು ಪರೋಪಜೀವಿ ಹುಳು ಇವುಗಳ ದೇಹದಲ್ಲಿರಬಹುದು, ಅದು ಮನುಷ್ಯರ ಮೆದುಳಿನ ಪೊರೆಗೆ ಉರಿಯೂತ ತರುತ್ತದೆ. ಗ್ಲೌಸ್ ಹಾಕಿ. ಹಸಿಯಾಗಿ ತಿನ್ನುವ ಸೊಪ್ಪಿನ ಪ್ರತಿ ಎಲೆಯನ್ನೂ ಬಿಡಿಸಿ ತೊಳೆಯಿರಿ.

ತೋಟದದಾರಿ:
ಒಂದು ವಾರ ಹಿಡಿದ ಮೇಲೂ ಸಂಖ್ಯೆ ಇಳಿಯದಿದ್ದರೆ ಐರನ್ ಫಾಸ್ಫೇಟ್ ಗುಳಿಗೆ (ಬಸವನಹುಳು ತಿಂದು ಸಾಯುವ ಆಮಿಷ) ಬಳಸಿ. ಸಾಮಾನ್ಯ ಪ್ರಮಾಣ ಚದರ ಮೀಟರಿಗೆ ಸುಮಾರು 5 ಗ್ರಾಂ. ನಿಮ್ಮ ಒಂದು ಮಡಿಗೆ 20 ಗ್ರಾಂ ಮೀರಬಾರದು. ಪೊಟ್ಟಣದ ಮೇಲೆ ಬೇರೆ ಅಳತೆ ಇದ್ದರೆ ಅದನ್ನೇ ಪಾಲಿಸಿ. ಮಣ್ಣು ತುಸು ಹಸಿ ಇರುವ ದಿನ, ಸೂರ್ಯ ಮುಳುಗುವ ಹೊತ್ತಿಗೆ ಬೀಜ ಎರಚಿದಂತೆ ಚದುರಿಸಿ. ಸಸಿ ಬುಡಕ್ಕೆ ಗುಡ್ಡೆ ಹಾಕುವುದು ದೊಡ್ಡ ತಪ್ಪು: ಗುಳಿಗೆ ಬೂಸಲು ಹಿಡಿಯುತ್ತದೆ, ಸುತ್ತಲ ಹುಳುಗಳೂ ಸಸಿಯತ್ತಲೇ ಬರುತ್ತವೆ.

ಮರುದಿನ ಸತ್ತ ಹುಳು ಕಾಣಲಿಲ್ಲವೆಂದು ಇನ್ನಷ್ಟು ಸುರಿಯಬೇಡಿ. ತಿಂದ ಹುಳು ಮೇಯುವುದನ್ನು ನಿಲ್ಲಿಸಿ ಸಂದಿಯೊಳಗೆ ಹೋಗಿ ಮೂರರಿಂದ ಆರು ದಿನದಲ್ಲಿ ಸಾಯುತ್ತದೆ. ಮೊಟ್ಟೆಗೆ ಇದು ತಾಗದ ಕಾರಣ ಎರಡು ವಾರದ ಮೇಲೆ ಮತ್ತೊಮ್ಮೆ ಹಾಕಿ.

ನಾಯಿ ಇರುವುದರಿಂದ ಬಸವನಹುಳುವಿಗೆ ಹಾಕುವ ಇನ್ನೊಂದು ವಿಷವಾದ ಮೆಟಾಲ್ಡಿಹೈಡ್ ಗುಳಿಗೆ ಮನೆಗೇ ತರಬೇಡಿ, ಸ್ವಲ್ಪ ತಿಂದರೂ ಪ್ರಾಣಕ್ಕೆ ಕುತ್ತು. ಐರನ್ ಫಾಸ್ಫೇಟ್ ಅಷ್ಟು ಅಪಾಯಕಾರಿಯಲ್ಲ, ಆದರೂ ಪೊಟ್ಟಣಕ್ಕೆ ನಾಯಿ ಬಾಯಿ ಹಾಕದ ಹಾಗೆ ಎತ್ತಿಡಿ.

ಹೊಸಮಡಿ:
ತುಂಬಾ ಉಪಕಾರ. ಹುಲ್ಲನ್ನು ಮತ್ತೆ ಯಾವಾಗ ಹತ್ತಿರ ತರಬಹುದು?

ಹಸಿರುಬೇಲಿ:
ಕೋಸಿಗೆ ಎಂಟು ಎಲೆ ಬಂದು ಕಾಂಡ ಗಟ್ಟಿಯಾದ ಮೇಲೆ. ಆಗಲೂ ಒಂದಿಂಚಿಗಿಂತ ದಪ್ಪ ಬೇಡ, ಕಾಂಡಕ್ಕೆ ತಾಗಿಸಲೂ ಬೇಡ. ಸುಳಿ ಹೋದ ಕೋಸಿನ ಸಸಿ ಸರಿಯಾದ ಗೆಡ್ಡೆ ಕಟ್ಟುವುದಿಲ್ಲ, ಕಿತ್ತು ಬೇರೆ ನೆಡಿ.